ಬಿಲ್ ಟಪಾಲಿನ್ಯಾಗ ಬರ್ತೈತಿ

ಬೀಪ್ ಅನ್ನಲಿಲ್ಲ ಆವತ್ತು.
ಕಂಬದ ಮ್ಯಾಲಿನ ಯಂತ್ರಕ್ಕ ಕಣ್ಣು ಮಂಜಾಗಿತ್ತೋ,
ನನ್ನ ಗಾಜಿಗೆ ಅಂಟಿಸಿದ ಚೀಟಿಗೆ ಮುಪ್ಪು ಬಂದಿತ್ತೋ,
ರಾತ್ರಿ ಎರಡೂವರಿಗೆ
ನಲವಡಿ ನಾಕಾದಾಗ ಅಡ್ಡಗೋಲು ಏಳಲೇ ಇಲ್ಲ.

ಕಿಸೆದಾಗ ಇದ್ದದ್ದು ಇಪ್ಪತ್ತು ರೂಪಾಯಿ,
ಮತ್ತೊಂದು ದಬ್ಬಣ.
ಹಿಂದ ತಾಡಪತ್ರಿ ಕೆಳಗ
ನಾನಽ ಅರಳಿ ತುಂಬಿ ಹೊಲದ ಹೊಸಾ ಗಾದಿ,
ಗಾದಿ ಮ್ಯಾಲೆ ಹೊಟ್ಟಿ ಹಿಡಕೊಂಡು ಅಕ್ಕ ಹುಸೇನಬಿ.

ಹುಡುಗ ಬಂದ. ಮೀಸಿ ಈಗೀಗ ಮೂಡಿದ್ದು.
ಬ್ಯಾಟರಿ ಬಿಟ್ಟು ಹಿಂದ ಇಣಿಕಿದ.
ಸುಮ್ಮನಽ ಮುಂದ ಬಂದು
ನಂಬರ್ ಪ್ಲೇಟಿಗೆ ಮೊಬೈಲ್ ಹಿಡದ.
‘ಹೋಗ್ರಿ ಚಾಚಾ,
ಬಿಲ್ ಟಪಾಲಿನ್ಯಾಗ ಮನಿಗೆ ಬರ್ತೈತಿ.’
ಹಂದರದ ಗಳ ಎತ್ತಿದಂಗ
ಕೈಲೇ ಎತ್ತಿ ಹಿಡದ ಅಡ್ಡಗೋಲು.

ಅಕ್ಕ ಉಳದಳು.
ಕಿಮ್ಸಿನಿಂದ ಹನ್ನೆರಡನೇ ದಿನಕ್ಕ ಬಸ್ಸಿನ್ಯಾಗ ಬಂದು
ಬೆಟಗೇರಿಯೊಳಗ ಇಳದಾಕಿನಽ ಅಂದದ್ದು,
‘ನಿನ್ನ ಗಾದಿಯೊಳಗ ಗಂಟ ಅದಾವಲೋ ದಾವಲ್.’

ನಾ ಬಿಲ್ಲಿನ ದಾರಿ ಕಾಯಾಕ ಹತ್ತಿದೆ.
ತೊಂಬತ್ತೈದು ರೂಪಾಯಿ, ಎಣಿಸಿ,
ಸೂಜಿ ಡಬ್ಬಿಯೊಳಗ ಬ್ಯಾರೆ ಇಟ್ಟೆ.
ಸಾಲಕ್ಕ ಅಂಜವನಲ್ಲ ನಾನು:
ಹತ್ತಿಯವಗ ಕೊಡೋದೈತಿ, ಬಟ್ಟಿ ಅಂಗಡಿಗೆ ಕೊಡೋದೈತಿ,
ಅವರು ಬಾಗಿಲಿಗೆ ಬಂದು ಬೈತಾರ, ನಾ ಚಾ ಕುಡಸ್ತೀನಿ,
ಲೆಕ್ಕ ಉಸರಾಡಕೋತ ಇರ್ತೈತಿ.
ಇದು ಮಾರಿ ಇಲ್ಲದ ಸಾಲ.
‘ಅವರಽ ಮರತಾರ, ನೀ ಯಾಕ ನೆನಸ್ತಿ?’
ಮೌಲಾಬಿ ಒಲಿ ಮುಂದಿಂದ ಕೇಳ್ತಾಳ.
ಉತ್ತರ ಗೊತ್ತಿದ್ರ ಹೇಳ್ತಿದ್ದೆ.

ಪೋಸ್ಟಿನ ಶರಣಯ್ಯ ಇಪ್ಪತ್ತು ವರ್ಷ ಈ ಓಣಿಯೊಳಗ ಅಡ್ಡಾಡ್ಯಾನ,
ಅವನ ಮಾರಿ ನಾ ಸರಿಯಾಗಿ ನೋಡಿದ್ದು ಈ ವರ್ಷ.
ಎಡಗಿವಿ ಕೇಳಂಗಿಲ್ಲ ಅವಂಗ. ಬಲಕ್ಕ ನಿಂತು ಕೇಳಬೇಕು.
ಬಂದದ್ದು ಬ್ಯಾಂಕಿನ ಕಾಗದ,
ಗುರುತಿಲ್ಲದವರ ಮದಿವಿ ಕಾರ್ಡು,
ನಮಗಿಂತ ಮೊದಲು ಈ ಮನಿಯೊಳಗ ಬಾಡಿಗಿ ಇದ್ದ
ಬಸೆಟೆಪ್ಪನ ಹೆಸರಿಗೆ ನೀರಿನ ಬಾಕಿ.
ಬಸೆಟೆಪ್ಪ ಮಣ್ಣಾಗಿ ಆರು ವರ್ಷ.
ಸತ್ತವಂಗ ಹುಡುಕ್ಕೊಂಡು ಬರೋ ಬಿಲ್ಲು
ಇದ್ದವಂಗ ಬರವಲ್ದು.

ಕಡೀಕ ನಾನಽ ಒಂದು ಕಾರ್ಡ್ ಬರದೆ:
‘ನಾಕಾ ಸಾಹೇಬರಿಗೆ, ಆ ರಾತ್ರಿದು ಮುಟ್ಟಿಲ್ಲ. ಕಳಸ್ರಿ.’
ಶರಣಯ್ಯ ತಿರುವಿ ಮುರುವಿ ನೋಡಿದ.
‘ಪಿನ್ ಕೋಡ್?’
‘ಅದು ನಾಕಾ ಮಾರಾಯಾ, ಊರಲ್ಲ.’
‘ಊರಲ್ಲಂದ್ರ ಯಾರ ಬಾಗಿಲಿಗೆ ಹಾಕ್ಲಿ?’
ಇಬ್ಬರೂ ಕಟ್ಟಿ ಮ್ಯಾಲೆ ಕುಂತು
ಆ ಕಾರ್ಡಿನಿಂದಽ ಗಾಳಿ ಬೀಸಕೊಂಡ್ವಿ.

ಹೊಸಾ ಚೀಟಿ ಅಂಟಿಸೀನಿ ಈಗ. ಬೀಪ್ ಅಂತೈತಿ.
ಗೋಲು ಏಳೋದ್ರಾಗ ಮೆಸೇಜ್ ಬಂದು ಬಿದ್ದಿರ್ತೈತಿ.
ಮೊನ್ನೆ ಗಾಡಿ ಬಾಜೂಕ ಹಚ್ಚಿ
ಡಬ್ಬಿ ತಗೊಂಡು ಕಿಟಕಿ ಮುಂದ ನಿಂತೆ.
ಕನ್ನಡಕದವ ಕಂಪ್ಯೂಟರ್ ಕೆದರಿದ.
‘ಆ ತಾರೀಖಿಗೆ ನಿಮ್ಮ ಗಾಡಿ ಇಲ್ಲಿ ದಾಟೇ ಇಲ್ಲ.’
‘ದಾಟೈತ್ರಿ. ಹುಡುಗ ಫೋಟೋ ಹೊಡದಾನ.’
‘ಯಾವ ಹುಡುಗ? ತಿಂಗಳಿಗೊಬ್ಬ ಬರ್ತಾನ, ಬಿಟ್ಟು ಹೋಗ್ತಾನ.’
‘ಬಿಲ್ ಟಪಾಲಿನ್ಯಾಗ...’
ನಕ್ಕ ಅವ. ಕೆಟ್ಟ ನಗಿ ಅಲ್ಲ.
‘ಟಪಾಲಿನ್ಯಾಗ ನಾವು ಏನೂ ಕಳಸಂಗಿಲ್ಲ ಚಾಚಾ.’

ಹಿಂದ ಉಳ್ಳಾಗಡ್ಡಿ ಲಾರಿ ಹಾರ್ನ್ ಹೊಡದಽ ಹೊಡೀತು.
ನನಗ ಕಂಡದ್ದು ಗೂಡಿನೊಳಗಿನ ಪ್ಲಾಸ್ಟಿಕ್ ಕುರ್ಚಿ,
ನಡುವ ಸೀಳಿತ್ತು, ಮ್ಯಾಲೆ ಮಡಚಿದ ರಟ್ಟು.
ರಾತ್ರಿಯೆಲ್ಲಾ ಅದರ ಮ್ಯಾಲೆ
ಯಾರೋ ಒಬ್ಬ ಹುಡುಗ ಕುಂತಿರ್ತಾನ.
ಅಳತಿ ಕಣ್ಣಿಲೇ ತಗೊಂಡೆ,
ಹದಿನಾರು, ಹದಿನೈದು ಇಂಚು.

ಮನಿಗೆ ಬಂದು ಹೊಲ್ಯಾಕ ಕುಂತೆ.
ಪಟ್ಟಾಪಟ್ಟಿ ಬಟ್ಟಿ, ಒಳಗ ಚಲೋ ಅರಳಿ,
ಕಟ್ಟಾಕ ನಾಕು ಲಾಡಿ.
ಅಕ್ಕ ಬಂದು ಹೆಬ್ಬಟ್ಟಲೇ ಒತ್ತಿ ಒತ್ತಿ ನೋಡಿದಳು.
‘ಇಲ್ಲೊಂದು ಗಂಟ ಐತಿ.’
ಇರಲಿ ಬಿಡು, ಅಂದೆ.